ಕೂಟದಲ್ಲಿ ಬೆಳೆಯುವ ಕತೆ

ಒಂದು ಆಟಿ ತಿಂಗಳ ಸಂಜೆ. ಮಳೆ ಬಿಡದೆ ಹೊಯ್ಯುತ್ತಿತ್ತು. ನೆರೆಮನೆಯ ಹುಡುಗನೊಬ್ಬ ಗೊರಬೆಯ ಕಾಲ ಕಳೆದುಹೋದ ಈ ದಿನಗಳಲ್ಲಿ ಕೊಡೆಯನ್ನೂ ಹಿಡಿಯದೆ, ನೆನೆದುಕೊಂಡೇ ನನ್ನ ಚಾವಡಿಗೆ ಬಂದು ಕುಳಿತ. ಇಂಜಿನಿಯರಿಂಗ್ ಓದುತ್ತಿರುವವನು. ಅವನಿಗೆ ಕತೆ ಬರೆಯುವ ಹವ್ಯಾಸವಿದೆ ಎಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ. ಅವನು ಬರೆಯುತ್ತಿದ್ದುದಾದರೂ ನಾವು ನೀವು ಓದಿ ಬೆಳೆದ ಬಗೆಯ ಕತೆಯಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಓದುವ ಕತೆ. ಒಂದು ಘಟ್ಟಕ್ಕೆ ಬಂದೊಡನೆ ಕತೆ ನಿಂತು ಓದುಗನನ್ನೇ ಕೇಳುತ್ತದೆ: ಹೊಳೆ ದಾಟುತ್ತೀಯೋ, ಹಿಂದಕ್ಕೆ ಹೋಗುತ್ತೀಯೋ? ಓದುಗ ಆರಿಸಿದ ದಾರಿಯಲ್ಲಿ ಕತೆ ಮುಂದುವರಿಯುತ್ತದೆ.

ಹುಡುಗ ತನ್ನ ಕಷ್ಟವನ್ನು ಲೆಕ್ಕ ಹಾಕಿಯೇ ಹೇಳಿದ. ಒಂದೊಂದು ಘಟ್ಟದಲ್ಲಿ ಎರಡೆರಡೇ ದಾರಿಗಳೆಂದು ಇಟ್ಟುಕೊಂಡರೂ ಹತ್ತನೆಯ ಘಟ್ಟಕ್ಕೆ ಬರುವಾಗ 1024 ಮುಕ್ತಾಯಗಳಾಗುತ್ತವೆ. ನಡುವಿನ ತುಂಡುಗಳೆಲ್ಲ ಸೇರಿದರೆ 2046 ತುಂಡುಗಳನ್ನು ಬರೆಯಬೇಕು. ಅವನು ಎಲ್ಲವನ್ನೂ ದೊಡ್ಡದೊಂದು ಕಾಗದದಲ್ಲಿ ಮರದ ಕೊಂಬೆಗಳಂತೆ ಬರೆದು ಗೋಡೆಗೆ ಅಂಟಿಸಿದ್ದನಂತೆ. ನಾಲ್ಕನೆಯ ಘಟ್ಟಕ್ಕೆ ಬರುವಷ್ಟರಲ್ಲಿ ಕೈ ಸೋತಿತು. "ಹುರುಪೇ ಹೋಯಿತು ಸಾರ್. ಯೋಜನೆ ಪೂರ್ತಿ ಇದೆ, ಬರೆಯುವ ಮನಸ್ಸಿಲ್ಲ. ನೀವು ಕನ್ನಡ ಪಾಠ ಮಾಡಿದವರು, ಏನಾದರೂ ದಾರಿ ಹೇಳಿ" ಎಂದ.

ನಾನು ಕೂಡಲೇ ಏನೂ ಹೇಳಲಿಲ್ಲ. ಏಕೆಂದರೆ ಅವನ ಗೋಡೆಯ ಮೇಲಿನ ಕಾಗದದಂಥದೇ ಒಂದು ಕಾಗದ ನನ್ನ ಪೆಟ್ಟಿಗೆಯಲ್ಲಿಯೂ ಮೂವತ್ತಾರು ವರ್ಷ ಮಲಗಿತ್ತು. ಅದರ ವಿಷಯವನ್ನು ಆಮೇಲೆ ಅರಿಕೆ ಮಾಡಿಕೊಳ್ಳುತ್ತೇನೆ. ಮೊದಲು ಈ ಬಗೆಯ ಕತೆಗಾರಿಕೆಯ ಕುಲವೃತ್ತಾಂತವನ್ನು ಸ್ವಲ್ಪ ನೋಡಬೇಕು.

ಓದುಗನಿಗೆ ದಾರಿ ಬಿಡುವ ಕತೆ ಪಶ್ಚಿಮದಲ್ಲಿ ಬಹಳ ಹಳೆಯದೇನೂ ಅಲ್ಲ. ಆರ್ಜೆಂಟೀನಾದ ಬೋರ್ಹೆಸ್ 1941ರಲ್ಲಿ ಕವಲೊಡೆಯುವ ದಾರಿಗಳ ಉದ್ಯಾನವೊಂದನ್ನು ಕುರಿತು ಕತೆ ಬರೆದ. ಎಲ್ಲ ದಾರಿಗಳನ್ನೂ ಒಳಗೊಳ್ಳುವ ಕಾದಂಬರಿಯ ಕಲ್ಪನೆ ಅದರೊಳಗೆ ಬರುತ್ತದೆ. 1970ರ ದಶಕದ ನಡುವಿನಲ್ಲಿ ವಿಲ್ ಕ್ರೌಥರ್ ಎಂಬ ಅಮೆರಿಕದ ಗಣಕತಜ್ಞ, ತಾನು ಸ್ವತಃ ಸುತ್ತಿ ನಕ್ಷೆ ಬರೆದಿದ್ದ ಕೆಂಟಕಿಯ ಗುಹೆಗಳನ್ನೇ ಆಧಾರವಾಗಿರಿಸಿಕೊಂಡು, ಆಡುವವನು ಪದ ಒತ್ತಿದರೆ ಗಣಕಯಂತ್ರ ಉತ್ತರ ಕೊಡುವ ಕತೆಯಾಟವನ್ನು ರಚಿಸಿದ. 1979ರಲ್ಲಿ ಎಡ್ವರ್ಡ್ ಪ್ಯಾಕರ್ಡ್ ಎಂಬವನು ಬರೆದ ಕಾಲದ ಗುಹೆಯ ಕತೆ, ಮಕ್ಕಳೇ ಪುಟ ತಿರುವಿ ದಾರಿ ಆರಿಸಿಕೊಳ್ಳುವ ಪುಸ್ತಕಮಾಲೆಯೊಂದರ ಮೊದಲ ಪುಸ್ತಕವಾಗಿ ಬಂತು. ಇದೆಲ್ಲ ಹೊಸತೆಂದು ಹೇಳುವವರನ್ನು ಕಂಡಾಗ ನಮ್ಮ ಪುತ್ತೂರು ಸುಳ್ಯದ ಕಡೆಯವರಿಗೆ ಒಳಗೊಳಗೇ ನಗು ಬರುವುದುಂಟು. ಕೇಳುವವನು ಮಾತ್ರವಲ್ಲ, ಎದುರು ಕುಳಿತು ಉತ್ತರ ಕೊಡುವವನೂ ಸೇರಿ ಕತೆ ಕಟ್ಟುವ ಪದ್ಧತಿ ನಮ್ಮ ಚಾವಡಿಗಳಲ್ಲಿ ತಲೆಮಾರುಗಳಿಂದ ಬಂದಿದೆ. ಅದೇ ತಾಳಮದ್ದಳೆ, ನಮ್ಮ ಆಡುಮಾತಿನಲ್ಲಿ ಕೂಟ.

ನಮ್ಮ ಕೆದಂಬಾಡಿ ಪುತ್ತೂರು ತಾಲೂಕಿನ ಗ್ರಾಮ. ಕುಂಬ್ರದಿಂದ ಬೆಳ್ಳಾರೆಗೆ ಹೋಗುವ ಮಾರ್ಗದಲ್ಲಿ ತಿಂಗಳಾಡಿ ಎಂಬ ಸಣ್ಣ ಪೇಟೆ ಸಿಗುತ್ತದೆಯಲ್ಲ, ಅದು ನಮ್ಮ ಗ್ರಾಮದ್ದು. ಅಡಿಕೆ ತೋಟ, ಗುಡ್ಡ, ನಡುನಡುವೆ ಒಂಟಿ ಮನೆಗಳು. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ. ಬಯಲಿನಲ್ಲಿ ಆಟವಿಲ್ಲ. ಆಗ ಮನೆಯೊಳಗಿನ ಕೂಟಕ್ಕೆ ಕಾಲ ಕೂಡಿಬರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರಾಗಿ ಕುಳಿತ ನಾಲ್ಕೈದು ಮಂದಿ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ; ಆ ಪದ್ಯ ಯಾರ ಬಾಯಿಯ ಮಾತೋ ಅವರು ಅದರ ಅರ್ಥ ಹೇಳುತ್ತಾರೆ. ಹಾಡು ಕವಿಯದು. ಮಾತು ಅರ್ಥಧಾರಿಯದು. ಆ ಮಾತು ಎಲ್ಲಿಯೂ ಬರೆದಿಟ್ಟದ್ದಲ್ಲ. ಎದುರಿನವನು ಏನು ಹೇಳಿದನೋ ಅದಕ್ಕೆ ಆ ಕ್ಷಣದಲ್ಲಿ ಹುಟ್ಟುವ ಉತ್ತರ.

ಈ ಕಲೆಯ ಪ್ರಾಚೀನತೆಯನ್ನು ಹೇಳುವವರು ಬಳ್ಳಾರಿ ಸೀಮೆಯ ಕುರುಗೋಡಿನ ಸೋಮಸಮುದ್ರದ ಶಾಸನವನ್ನು ಎತ್ತಿಕೊಳ್ಳುವುದು ವಾಡಿಕೆ. 1556ರ ಆ ಶಾಸನ ತಾಳಮದ್ದಳೆಯವರಿಗೆ ಭೂಮಿ ಬಿಟ್ಟುಕೊಟ್ಟುದನ್ನು ಹೇಳುತ್ತದೆ. ನಮ್ಮ ನೆರೆಯ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣದ ಪ್ರಸಂಗಗಳು ಇಂದಿಗೂ ಕೂಟಗಳ ಬೆನ್ನೆಲುಬು. ಅವನ ಕಾಲ ದೇಶಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯನವರು ಒಂದು ಹೇಳಿದರು, ಶಿವರಾಮ ಕಾರಂತರು ಇನ್ನೊಂದು ಹೇಳಿದರು. ಕುಕ್ಕಿಲ ಕೃಷ್ಣ ಭಟ್ಟರು ಆ ಪ್ರಸಂಗಗಳನ್ನು ಪರಿಷ್ಕರಿಸಿ ಕೊಟ್ಟರು. ಆ ಸಂಪುಟವನ್ನು 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹೊರತಂದಿತು. ಆ ಚರ್ಚೆ ಇವತ್ತಿನ ನನ್ನ ವಿಷಯವಲ್ಲ. ಪ್ರಸಂಗಕವಿ ತನ್ನ ಕತೆಯನ್ನು ಹೇಗೆ ಹವಣಿಸುತ್ತಾನೆ, ಎಷ್ಟನ್ನು ತಾನು ಹೇಳುತ್ತಾನೆ, ಎಷ್ಟನ್ನು ಬಿಡುತ್ತಾನೆ ಎಂಬುದಷ್ಟೇ ನನ್ನ ಪ್ರಶ್ನೆ.

ವಾಲಿಯ ಕತೆಯನ್ನೇ ತೆಗೆದುಕೊಳ್ಳಿ. ವಾಲಿ ಸುಗ್ರೀವರ ಕಾಳಗ, ಮರೆಯಲ್ಲಿ ನಿಂತ ರಾಮನ ಬಾಣ, ನೆಲಕ್ಕೊರಗಿದ ವಾಲಿಯ ಪ್ರಶ್ನೆ, ರಾಮನ ಉತ್ತರ, ವಾಲಿಯ ಮರಣ. ಇವು ಗಂಟುಗಳು. ಯಾವ ಅರ್ಥಧಾರಿಯೂ ಇವನ್ನು ಬಿಚ್ಚುವಂತಿಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಬದುಕಿ ಎದ್ದು ಕಿಷ್ಕಿಂಧೆಗೆ ನಡೆಯುವಂತಿಲ್ಲ. ಆದರೆ ಬಾಣ ತಗಲಿದ ಮೇಲೆ ಪ್ರಾಣ ಹೋಗುವವರೆಗಿನ ಹೊತ್ತು ಕವಿಯ ಕೈಯಲ್ಲಿ ನಾಲ್ಕಾರು ಪದ್ಯಗಳಷ್ಟು. ಕೂಟದಲ್ಲಿ ಅದು ಎರಡು ಗಂಟೆಯೂ ಆಗಬಹುದು. ಮರೆಯಿಂದ ಏಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ. ಒಂದು ರಾತ್ರಿ ಅವನು ಧರ್ಮಶಾಸ್ತ್ರವನ್ನು ಹಿಡಿದು ಕೇಳುತ್ತಾನೆ, ಇನ್ನೊಂದು ರಾತ್ರಿ ಕ್ಷತ್ರಿಯನ ಪ್ರತಿಷ್ಠೆಯನ್ನು ಹಿಡಿದು, ಮತ್ತೊಂದು ರಾತ್ರಿ ಬರಿಯ ತಂದೆಯಾಗಿ, ಅಂಗದನ ಗತಿಯೇನೆಂದು. ಕೇಳಿದ ದಾರಿಯಲ್ಲೇ ರಾಮ ಉತ್ತರ ಕೊಡಬೇಕು. ಹಾಗೆ ಒಂದೇ ಪ್ರಸಂಗ ನೂರು ರಾತ್ರಿಗಳಲ್ಲಿ ನೂರು ಕತೆಯಾಗುತ್ತದೆ. ಆ ಹುಡುಗ 1024 ಮುಕ್ತಾಯಗಳನ್ನು ಬರೆಯಹೊರಟಿದ್ದ. ನಮ್ಮ ಕವಿ ಒಂದೇ ಮುಕ್ತಾಯವನ್ನು ಬರೆದು, ದಾರಿಗಳನ್ನು ಬರೆಯದೆ ಬಿಟ್ಟಿದ್ದಾನೆ.

ಸಂಧಾನದ ಪ್ರಸಂಗಗಳಲ್ಲಿ ಈ ಗುಟ್ಟು ಇನ್ನೂ ಸ್ಪಷ್ಟವಾಗುತ್ತದೆ. ದೇವಿದಾಸ ಕವಿಯ ಕೃಷ್ಣಸಂಧಾನದಲ್ಲಿ ಕೃಷ್ಣ ಹಸ್ತಿನಾವತಿಗೆ ಹೋಗುತ್ತಾನೆ, ಸಂಧಿ ಮುರಿಯುತ್ತದೆ, ಹಿಂದಿರುಗುತ್ತಾನೆ. ಪಾರ್ತಿಸುಬ್ಬನ ಅಂಗದಸಂಧಾನವೂ ಹಾಗೆಯೇ ಮುರಿಯುವ ಮಾತುಕತೆ. ಫಲವೇನೆಂದು ಚಾವಡಿಯ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಕುಳಿತಿರುತ್ತಾರೆ. ಏನಾಗುತ್ತದೆ ಎಂಬುದಕ್ಕಾಗಿ ಅಲ್ಲ. ಈ ದಿನ ಕೌರವ ಯಾವ ಮಾತಿನಿಂದ ಸಂಧಿಯನ್ನು ಮುರಿಯುತ್ತಾನೆ ಎಂಬುದಕ್ಕಾಗಿ. ಒಮ್ಮೊಮ್ಮೆ, ಇನ್ನೊಂದು ಮಾತು ಸರಿಯಾಗಿ ಬಿದ್ದಿದ್ದರೆ ಕುರುಕ್ಷೇತ್ರವೇ ತಪ್ಪುತ್ತಿತ್ತೇನೋ ಎಂಬ ಭ್ರಮೆ ಕೇಳುವವರಿಗೆ ಉಂಟಾಗುತ್ತದೆ. ಆ ಭ್ರಮೆ ಉಂಟಾದ ರಾತ್ರಿ ಕೂಟ ಗೆದ್ದಿತೆಂದು ಲೆಕ್ಕ.

ಕವಿಯ ಹವಣಿಕೆ ಇಷ್ಟಾದರೆ ಅರ್ಥಧಾರಿಯ ಹವಣಿಕೆ ಬೇರೆ. ಅವನು ಬಾಯಿಗೆ ಬಂದುದನ್ನು ಆಡುವವನೆಂದು ಹೊರಗಿನವರು ತಿಳಿಯುವುದುಂಟು. ಹಾಗಲ್ಲ. ಪಾತ್ರ ಮೊದಲು ಬಾಯಿ ತೆರೆಯುವಾಗ ಹೇಳುವ ಪೀಠಿಕೆಯನ್ನು ಅವನು ಮನೆಯಲ್ಲಿಯೇ ಕಟ್ಟಿಕೊಂಡು ಬರುತ್ತಾನೆ. ಈ ಪಾತ್ರಕ್ಕೆ ಈ ದಿನ ಯಾವ ನಿಲುವು, ಯಾವುದನ್ನು ಒಪ್ಪಿಕೊಳ್ಳಬೇಕು, ಯಾವುದನ್ನು ಕಡೆಯವರೆಗೂ ಬಿಟ್ಟುಕೊಡಬಾರದು ಎಂಬುದನ್ನು ಯೋಚಿಸಿರುತ್ತಾನೆ. ಎದುರಿನವನು ಎಸೆಯಬಹುದಾದ ನಾಲ್ಕು ಪ್ರಶ್ನೆಗಳನ್ನು ಊಹಿಸಿರುತ್ತಾನೆ. ಐದನೆಯದು ಬಂದಾಗ ಮಾತ್ರ ಅವನ ನಿಜವಾದ ಪರೀಕ್ಷೆ.

ನಮ್ಮ ತಲೆಮಾರಿನವರು ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಕೇಳಿ ಬೆಳೆದವರು. 1918ರಲ್ಲಿ ಹುಟ್ಟಿದ ಅವರು 2006ರಲ್ಲಿ ತೀರಿಕೊಂಡರು. ವಾಲಿ, ರಾವಣರಂಥ ಪಾತ್ರಗಳಿಗೆ ಅವರು ಕೊಟ್ಟ ತರ್ಕದ ಬಲ ಹೇಗಿತ್ತೆಂದರೆ, ಆವರೆಗೆ ಬರಿಯ ಖಳರೆಂದು ಕಂಡವರು ಕೂಟ ಮುಗಿದ ಮೇಲೂ ನಮ್ಮನ್ನು ಬಿಡದೆ ಕಾಡುತ್ತಿದ್ದರು. ಅವರಿಗೂ ಮಲ್ಪೆ ರಾಮದಾಸ ಸಾಮಗರಿಗೂ ಸಂವಾದ ಬಿತ್ತೆಂದರೆ ಹತ್ತು ಮೈಲಿ ನಡೆದು ಹೋಗುವವರಿದ್ದರು. ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರದು ಇನ್ನೊಂದು ದಾರಿ. ಏರುದನಿಯಿಲ್ಲ, ಶ್ಲೋಕಗಳ ಮಳೆಯಿಲ್ಲ. ಮನೆಯ ಜಗಲಿಯಲ್ಲಿ ಕುಳಿತು ಮಾತಾಡಿದಂತೆ ಮಾತಾಡಿ ಎದುರಿನವರನ್ನು ಯೋಚನೆಗೆ ಹಚ್ಚುವವರು. 1984ರಲ್ಲಿ ಅವರು ತೀರಿಕೊಂಡರು. ಅವರ 'ಕುರುಕ್ಷೇತ್ರಕ್ಕೊಂದು ಆಯೋಗ' ಎಂಬ ಕೃತಿಯ ಹೆಸರೇ ಅರ್ಥಧಾರಿಯ ಮನೋಧರ್ಮವನ್ನು ಹೇಳುತ್ತದೆ: ಯುದ್ಧ ಮುಗಿದಿದೆ, ತೀರ್ಪೂ ಆಗಿದೆ, ಆದರೆ ವಿಚಾರಣೆ ಮುಗಿದಿಲ್ಲ.

ಇಂಥವರನ್ನು ಕೇಳುತ್ತ ನಾನು ಕಂಡುಕೊಂಡ ಒಂದು ಮರ್ಯಾದೆಯಿದೆ. ಒಳ್ಳೆಯ ಅರ್ಥಧಾರಿ ಎದುರಿನವನ ಬಾಯಿ ಮುಚ್ಚಿಸುವ ಮಾತನ್ನು ಹೇಳುವುದಿಲ್ಲ; ಉತ್ತರಕ್ಕೆ ಎಡೆಯಿರುವ ಮಾತನ್ನು ಹೇಳುತ್ತಾನೆ. ಸುಗ್ರೀವನಾಗಿ ಕುಳಿತ ಎಳೆಯನಿಗೆ ಮಾತು ಸಿಕ್ಕಿಕೊಂಡಾಗ ವಾಲಿಯೇ ಒಂದು ಪ್ರಶ್ನೆ ಕೇಳಿ ಅವನಿಗೆ ದಾರಿ ತೋರಿಸುತ್ತಾನೆ. ಈ ಮರ್ಯಾದೆ ತಪ್ಪಿದ ಕೂಟಗಳನ್ನೂ ಕಂಡಿದ್ದೇನೆ. ಇಬ್ಬರು ಪಂಡಿತರು ಒಂದು ಶಬ್ದದ ವ್ಯುತ್ಪತ್ತಿಗೆ ಗಂಟುಬಿದ್ದು, ಪ್ರಸಂಗ ಅರ್ಧಕ್ಕೆ ಬರುವಾಗಲೇ ಕಾಗೆ ಕೂಗಿ, ಕೊನೆಯ ಪದ್ಯಗಳನ್ನು ಭಾಗವತರು ಒಂದೇ ಉಸಿರಿಗೆ ಹಾಡಿ ಮಂಗಳ ಮಾಡಿದ್ದುಂಟು. ಗೆದ್ದವರು ಯಾರೆಂದು ಜನ ಚರ್ಚೆ ಮಾಡಿಕೊಂಡು ಹೋದರು. ಸೋತದ್ದು ಕತೆ.

ಈ ಎರಡರ ನಡುವೆ ಕುಳಿತು ತೂಗುವವರು ಭಾಗವತರು. ಎಷ್ಟು ಹೊತ್ತು ಮಾತಿಗೆ ಬಿಡಬೇಕು, ಎಲ್ಲಿ ಜಾಗಟೆ ಎತ್ತಿ ಮುಂದಿನ ಪದ್ಯಕ್ಕೆ ಹೋಗಬೇಕು, ಪ್ರಸಂಗದಲ್ಲಿರುವ ಯಾವ ಪದ್ಯವನ್ನು ಆ ರಾತ್ರಿಗೆ ಬಿಡಬೇಕು ಎಂಬುದು ಅವರ ನಿರ್ಣಯ. 1976ರ ಡಿಸೆಂಬರಿನಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಆರಂಭವಾಗಿ ತಾಳಮದ್ದಳೆ ರೇಡಿಯೋಗೆ ಬಂದ ಮೇಲೆ ಈ ತೂಕ ಇನ್ನೂ ಸೂಕ್ಷ್ಮವಾಯಿತು. ಇಡೀ ರಾತ್ರಿಯ ಸಂಧಾನವನ್ನು ಗಡಿಯಾರದ ಮುಳ್ಳು ನೋಡಿಕೊಂಡು ಹೇಳಬೇಕಾಯಿತು. ಆಗ ತಿಳಿದದ್ದೇನೆಂದರೆ, ಗಂಟುಗಳು ಸರಿಯಾಗಿದ್ದರೆ ಹಗ್ಗವನ್ನು ಎಷ್ಟು ಬೇಕಾದರೂ ಉದ್ದ ಮಾಡಬಹುದು, ಗಿಡ್ಡ ಮಾಡಬಹುದು.

ಇನ್ನು ನನ್ನ ಪೆಟ್ಟಿಗೆಯ ಕಾಗದದ ವಿಷಯ. 1984ರಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದ ನಾನು ಒಂದು ಪ್ರಸಂಗ ಬರೆಯಲು ತೊಡಗಿದೆ. ಪುರಾಣದ್ದಲ್ಲ, ನಮ್ಮದೇ ಸೀಮೆಯ ಇತಿಹಾಸದ್ದು: 1837ರ ಅಮರಸುಳ್ಯದ ದಂಗೆ, ಜನರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿ. ಅದರ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಹೆಸರು ಕೇಳಿದಾಗಲೆಲ್ಲ ನಮ್ಮ ಗ್ರಾಮದವರೇ ಎಂದು ಹಿಗ್ಗುತ್ತಿದ್ದೆ. ಅವರ ಕೆದಂಬಾಡಿ ಸುಳ್ಯದ ಉಬರಡ್ಕ ಮಿತ್ತೂರಿನ ಮನೆತನ, ನಮ್ಮ ಗ್ರಾಮವಲ್ಲ ಎಂದು ಆಮೇಲೆ ತಿಳಿಯಿತು. ಹೆಸರಿನ ಸಲಿಗೆ ಮಾತ್ರ ಹೋಗಲಿಲ್ಲ.

ಕತೆಯ ಗಂಟುಗಳನ್ನು ಇತಿಹಾಸವೇ ಹಾಕಿಟ್ಟಿತ್ತು. 1834ರಲ್ಲಿ ಇಂಗ್ಲಿಷರು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. ಕೊಡಗಿಗೆ ಸೇರಿದ್ದ ಅಮರಸುಳ್ಯ ಮತ್ತು ಪುತ್ತೂರಿನ ಸೀಮೆಗಳನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಬೆಳೆದ ಧಾನ್ಯದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದರು. ರೈತನ ಮನೆಯಲ್ಲಿ ಭತ್ತವಿತ್ತು, ನಾಣ್ಯವಿರಲಿಲ್ಲ. ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ ಎಂಬ ರೈತ, ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ದಂಗೆಯ ನಾಯಕನಾದ. ಬೆಳ್ಳಾರೆಯ ಖಜಾನೆ ದಂಗೆಕೋರರ ಕೈವಶವಾಯಿತು. ದಂಡು ಪುತ್ತೂರಿನ ಮೇಲಾಗಿ ಮಂಗಳೂರಿಗೆ ನಡೆದು, 1837ರ ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಕೊನೆಗೆ ಇಂಗ್ಲಿಷರ ಸೈನ್ಯ ಬಂತು. ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ. ಇದೇ ವಸ್ತುವನ್ನು ನಿರಂಜನರು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯಲ್ಲಿ ತಂದಿದ್ದಾರೆ.

ನಾನು ಆ ವಯಸ್ಸಿನ ಉತ್ಸಾಹದಲ್ಲಿ ಹವಣಿಕೆಯನ್ನು ಪರಿಪೂರ್ಣ ಮಾಡಿದೆ. ಪದ್ಯಗಳನ್ನು ಮಾತ್ರವಲ್ಲ, ಪ್ರತಿ ಪದ್ಯಕ್ಕೆ ಅರ್ಥಧಾರಿ ಹೇಳಬೇಕಾದ ಮಾತನ್ನೂ, ಎದುರಿನವನು ಹೇಳಬಹುದಾದ ಉತ್ತರಗಳನ್ನೂ, ಅವುಗಳಿಗೆ ಪ್ರತ್ಯುತ್ತರಗಳನ್ನೂ ಬರೆದೆ. ನನ್ನ ತಂದೆಯವರು ಊರಿನ ಕೂಟದ ಅರ್ಥಧಾರಿಗಳು. ಶಾಲೆ ಕಂಡದ್ದು ನಾಲ್ಕೇ ವರ್ಷ. ರಾಮಯ್ಯ ಗೌಡರ ಅರ್ಥವನ್ನು ಅವರೇ ಹೇಳಬೇಕೆಂದು ನನ್ನ ಆಸೆ. ಬೆಳ್ಳಾರೆಯವರೆಗಿನ ಭಾಗವನ್ನು ಒಂದು ರಾತ್ರಿ ಅವರಿಗೆ ಓದಿ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿ, "ಚೆನ್ನಾಗಿದೆ. ಆದರೆ ಎಲ್ಲವನ್ನೂ ನೀನೇ ಹೇಳಿದ್ದೀಯಲ್ಲ. ನಾನು ಏನು ಹೇಳುವುದು?" ಎಂದರು.

ನನಗೆ ಸಿಟ್ಟು ಬಂತು. ಓದದವರಿಗೆ ರಚನೆಯ ಕಷ್ಟ ತಿಳಿಯದು ಎಂದುಕೊಂಡೆ. ಮುಂದೆ ಎರಡು ತಿಂಗಳು ಕುಳಿತರೂ ಬೆಳ್ಳಾರೆಯಿಂದ ಆಚೆಗೆ ದಂಡು ಹೊರಡಲಿಲ್ಲ. ಘಟ್ಟದ ಮೇಲಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು; ಹೊರಟುಹೋದೆ. ರಜೆಯಲ್ಲಿ ಬಂದಾಗ ಮೊದಮೊದಲು ತಂದೆಯವರು ಕೇಳುತ್ತಿದ್ದರು, ಗೌಡರ ದಂಡು ಎಲ್ಲಿಗೆ ಮುಟ್ಟಿತು ಎಂದು. ಆಮೇಲೆ ಕೇಳುವುದನ್ನು ಬಿಟ್ಟರು. ಆಮೇಲೆ ಅವರೇ ಇಲ್ಲವಾದರು. ತರಗತಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಾವ್ಯದ ವಸ್ತು ಬಂಧಗಳ ಬಗ್ಗೆ ನಾನು ಪಾಠ ಹೇಳಿದೆ. ನನ್ನ ಕಾಗದ ಏಕೆ ನಿಂತಿತೆಂಬುದನ್ನು ಮಾತ್ರ ಸೋಮಾರಿತನವೆಂದೋ, ಹೊತ್ತಿಲ್ಲದುದೆಂದೋ ತಿಳಿದುಕೊಂಡಿದ್ದೆ.

2020ರಲ್ಲಿ, ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದ ಮಳೆಗಾಲದಲ್ಲಿ, ನಿವೃತ್ತನಾಗಿ ಊರಿಗೆ ಬಂದಿದ್ದ ನಾನು ಪೆಟ್ಟಿಗೆ ತೆರೆದೆ. ಓದಿದಾಗ ತಂದೆಯವರ ಮಾತಿನ ಅರ್ಥ ಹೊಳೆಯಿತು. ಆ ಪುಟಗಳಲ್ಲಿ ಯಾವ ಪಾತ್ರವೂ ನನ್ನನ್ನು ಏನನ್ನೂ ಕೇಳುತ್ತಿರಲಿಲ್ಲ. ಪ್ರಶ್ನೆಯೂ ನನ್ನದು, ಉತ್ತರವೂ ನನ್ನದು. ಮುಂದೇನು ಎಂಬ ಕುತೂಹಲ ಕೇಳುವವನಿಗೆ ಮಾತ್ರವಲ್ಲ, ಬರೆಯುವವನಿಗೂ ಬೇಕು. ನಾನು ಯೋಜನೆಯ ಹೆಸರಿನಲ್ಲಿ ಆ ಕುತೂಹಲವನ್ನು ಮೊದಲ ತಿಂಗಳಲ್ಲಿಯೇ ಖರ್ಚು ಮಾಡಿಬಿಟ್ಟಿದ್ದೆ. ಹುರುಪು ಉಳಿಯುವುದಾದರೂ ಹೇಗೆ?

ಬರೆದ ಅರ್ಥವನ್ನೆಲ್ಲ ಬದಿಗಿಟ್ಟು ಐದೇ ಗಂಟುಗಳನ್ನು ಅರ್ಧ ಹಾಳೆಯಲ್ಲಿ ಬರೆದುಕೊಂಡೆ: ನಗದು ಕಂದಾಯ, ಹೆಸರಿನ ಬದಲಾವಣೆ, ಬೆಳ್ಳಾರೆಯ ಖಜಾನೆ, ಬಾವುಟಗುಡ್ಡೆ, ಬಿಕರ್ನಕಟ್ಟೆ. ಒಂದು ವರ್ಷ ಕಳೆದು ಜನ ಕೂಡುವಂತಾದ ಮೇಲೆ, ಮಳೆಗಾಲದ ಶನಿವಾರಗಳಲ್ಲಿ ನಮ್ಮ ಚಾವಡಿಯಲ್ಲಿ ಆರೇಳು ಮಂದಿಯ ಸಣ್ಣ ಕೂಟ ಸೇರಿಸಿದೆ. ಮುಂದಿನ ಶನಿವಾರಕ್ಕೆ ಬೇಕಾದಷ್ಟೇ, ನಾಲ್ಕೋ ಐದೋ ಪದ್ಯಗಳನ್ನು ಬರೆಯುವುದು. ಅದಕ್ಕಿಂತ ಹೆಚ್ಚು ಬರೆಯಬಾರದೆಂದು ನನಗೆ ನಾನೇ ಕಟ್ಟುಹಾಕಿಕೊಂಡೆ. ಬಂದವರು ಅಡಿಕೆ ಬೆಳೆಗಾರರು, ಒಬ್ಬ ನಿವೃತ್ತ ಶಿಕ್ಷಕ, ಒಬ್ಬ ಅಂಗಡಿಯಾತ. ಕಾಯುವವರು ಇದ್ದಾರೆಂದಾಗ ಶುಕ್ರವಾರ ರಾತ್ರಿ ಲೇಖನಿ ತಾನಾಗಿಯೇ ನಡೆಯುತ್ತದೆ.

ಎರಡನೆಯ ಗಂಟಿಗೆ ಬಂದ ಶನಿವಾರ ರಾಮಯ್ಯ ಗೌಡರ ಅರ್ಥ ಹೇಳಬೇಕಾದವರು ಬರಲಿಲ್ಲ. ನಾನೇ ಕುಳಿತುಕೊಂಡೆ. ರಾಜವಂಶದ ಹೆಸರಿಲ್ಲದೆ ಜನ ಸೇರರು, ನೀನು ಕಲ್ಯಾಣಸ್ವಾಮಿಯಾಗಬೇಕು ಎಂದು ಪುಟ್ಟಬಸಪ್ಪನನ್ನು ಕೇಳುವ ಪದ್ಯ. ದಂಗೆ ಕಟ್ಟುವ ಈ ಮಾತುಕತೆ ನನ್ನ ಕಲ್ಪನೆ. ಹೆಸರು ಬದಲಾದುದು ಇತಿಹಾಸ. ಪುಟ್ಟಬಸಪ್ಪ ಸಂತೋಷದಿಂದ ಒಪ್ಪಿಕೊಳ್ಳುತ್ತಾನೆಂದು ಬರೆದಿದ್ದೆ. ಆ ಅರ್ಥಕ್ಕೆ ಕುಳಿತವರು ನಮ್ಮ ನೆರೆಯ ಕೃಷಿಕರು, ಕಡಿಮೆ ಮಾತಿನವರು. ಒಪ್ಪುವ ಮೊದಲು ಒಂದು ಮಾತು ಕೇಳಿದರು: "ಗೌಡರೇ, ಗೆದ್ದರೆ ಗೆದ್ದವನು ಕಲ್ಯಾಣಸ್ವಾಮಿ. ಸೋತರೆ ನೇಣು ಬೀಳುವ ಕೊರಳು ಪುಟ್ಟಬಸಪ್ಪನದು. ಆಗ ನನ್ನ ಹೆಂಡತಿ ಯಾರ ಹೆಸರು ಹಿಡಿದು ಅಳಬೇಕು?"

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತಾರು ವರ್ಷದ ಹಿಂದೆ ಎಲ್ಲ ಉತ್ತರಗಳನ್ನೂ ಬರೆದಿಟ್ಟಿದ್ದವನು ನಾನು. ಮದ್ದಳೆಗಾರರ ಕೈ ನಿಂತಿತು. ಹೊರಗೆ ಸೂರಿನ ನೀರಿನ ಸದ್ದು. ಮುಂದಿನ ಪದ್ಯ ದಂಡು ಹೊರಡುವ ಏರುಪದ. ಭಾಗವತರು ಅದನ್ನು ಎತ್ತದೆ ನನ್ನ ಮುಖ ನೋಡಿದರು. ಕಡೆಗೆ, "ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ ಬಸಪ್ಪ. ಉತ್ತರವಿಲ್ಲದೆಯೇ ಕೇಳುತ್ತಿದ್ದೇನೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಗಬಹುದು" ಎಂದರು. ಆ ರಾತ್ರಿ ಅಲ್ಲಿಗೇ ನಿಲ್ಲಿಸಿದೆವು.

ಮರುದಿನ ಏರುಪದವನ್ನು ಹೊಡೆದುಹಾಕಿದೆ. ಅದರ ಸ್ಥಾನದಲ್ಲಿ ಗೌಡರು ಒಬ್ಬರೇ ಕುಳಿತಿರುವ ಒಂದು ನಿಧಾನದ ಪದ ಬಂತು. ಬಿಕರ್ನಕಟ್ಟೆಯ ಗಂಟು ಹಾಗೆಯೇ ಇದ್ದರೂ ಅದರ ಮೇಲೆ ಈಗ ಆ ಹೆಂಗಸಿನ ಅಳುವಿನ ನೆರಳು ಬಿದ್ದಿತ್ತು. ಬೆಳ್ಳಾರೆಯಲ್ಲಿ ನಿಂತಿದ್ದ ದಂಡು ಹೊರಟಿತು. ಮುಂದಿನ ಮಳೆಗಾಲಕ್ಕೆ ಪ್ರಸಂಗ ಮುಗಿಯಿತು. ಅದೇ 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯ ಅನಾವರಣವಾಯಿತು. ಹೋಗಿ ನೋಡಿ ಬಂದೆ. ಗೌಡರ ಅರ್ಥ ಹೇಳಬೇಕಾಗಿದ್ದ ನನ್ನ ತಂದೆಯವರು ಆ ಪ್ರಶ್ನೆಗೆ ಏನು ಹೇಳುತ್ತಿದ್ದರು ಎಂಬುದು ಅಲ್ಲಿಯೂ ಬಿಡದ ಯೋಚನೆ. ನಾನು ಮಾತು ಬಿಟ್ಟುಕೊಟ್ಟಿದ್ದರೆ ಅವರ ಉತ್ತರ ನನಗೆ ದೊರಕುತ್ತಿತ್ತು. ಆ ದಾರಿಯೊಂದು ಮುಚ್ಚಿಹೋಯಿತು.

ಆ ಹುಡುಗನಿಗೆ ಇಷ್ಟನ್ನೂ ಹೇಳಿ, ಕೊನೆಗೆ ಮೂರು ಮಾತು ಹೇಳಿದೆ. ಗೋಡೆಯ ಕಾಗದವನ್ನು ತೆಗೆದು, ಏನಾದರೂ ಆಗಲೇಬೇಕಾದ ಐದಾರು ಗಂಟುಗಳನ್ನು ಮಾತ್ರ ಉಳಿಸಿಕೊ. ಕವಲುಗಳು ಎಷ್ಟೇ ಆದರೂ ಮುಂದಿನ ಗಂಟಿನಲ್ಲಿ ಮತ್ತೆ ಬಂದು ಸೇರಲಿ. ಆಗ ಬರೆಯಬೇಕಾದುದು ಸಾವಿರದ ಲೆಕ್ಕದಿಂದ ಹತ್ತರ ಲೆಕ್ಕಕ್ಕೆ ಇಳಿಯುತ್ತದೆ. ಓದುಗನಿಗೆ ಕೊಡುವ ಎರಡು ದಾರಿಗಳಲ್ಲಿ ಒಂದು ಬರಿಯ ತಪ್ಪು ದಾರಿಯಾಗದಿರಲಿ; ಕೌರವನ ಮಾತಿಗೂ ಕೃಷ್ಣನ ಮಾತಿನಷ್ಟೇ ತೂಕವಿದ್ದರೆ ಸಂಧಾನ ಕೇಳುವಂತಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಗಿಸಿದ ಮೇಲೆ ತೋರಿಸುತ್ತೇನೆಂದು ಕಾಯಬೇಡ. ವಾರಕ್ಕೊಮ್ಮೆ ಯಾರ ಮುಂದಾದರೂ ಇಡು. ಅವರು ನೀನು ಬರೆಯದ ದಾರಿಯನ್ನು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡ.

ಎರಡು ವಾರದ ಬಳಿಕ ಅವನು ಮತ್ತೆ ಬಂದ. ಕೈಯಲ್ಲಿದ್ದ ಸಣ್ಣ ಪರದೆಯ ಮೇಲೆ ಮೊದಲ ಗಂಟಿನವರೆಗಿನ ಕತೆಯನ್ನು ನನಗೆ ಓದಲು ಕೊಟ್ಟ. ಹೊಳೆಯ ದಂಡೆಗೆ ಬಂದೊಡನೆ ಕತೆ ಕೇಳಿತು, ದಾಟುತ್ತೀಯೋ ಹಿಂದಿರುಗುತ್ತೀಯೋ ಎಂದು. ನೆರೆ ಇಳಿಯುವವರೆಗೆ ಇಲ್ಲಿಯೇ ಕುಳಿತಿರುತ್ತೇನೆ ಎಂದೆ. ಹುಡುಗ ತಲೆ ಕೆರೆದುಕೊಂಡ. "ಅದು ಇಲ್ಲ ಸಾರ್" ಎಂದ. ಸ್ವಲ್ಪ ಹೊತ್ತು ಯೋಚಿಸಿ, "ಕುಳಿತಿದ್ದರೆ ಆಚೆ ದಡದಿಂದ ಯಾರಾದರೂ ಕೂಗಬಹುದಲ್ಲವೆ?" ಎಂದು ಕೇಳಿದ. ಬರಬಹುದು, ಯಾರೆಂದು ಮುಂದಿನ ಶನಿವಾರ ಹೇಳು ಎಂದೆ. ಅಂದು ಅವನು ಹೊರಟಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ನನ್ನ ಕೊಡೆಯನ್ನು ಕೊಟ್ಟೆ. ಅದನ್ನು ಹಿಂದಿರುಗಿಸುವ ನೆಪದಲ್ಲಿ ಅವನು ಶನಿವಾರಕ್ಕೆ ಒಂದು ದಿನ ಮೊದಲೇ ಬಂದ.